ಹಳೆಯ ಕೋವಿಗೆ ನಾನು ಆರಿಸಿದ ದುರ್ಬೀನು

ಊರು ಬಿಟ್ಟು ಸಮುದ್ರ ದಾಟಿ ಬಂದವರಿಗೆ ಸಿಗುವ ಬಹುದೊಡ್ಡ ಸೌಕರ್ಯವೆಂದರೆ, ನಮ್ಮ ಮಾತನ್ನು ಸುಳ್ಳೆಂದು ಹೇಳಬಲ್ಲ ಸಾಕ್ಷಿಗಳು ಹತ್ತಿರದಲ್ಲಿ ಇಲ್ಲದಿರುವುದು. ಮಸ್ಕತ್ತಿನಲ್ಲಿ ಹತ್ತೊಂಬತ್ತು ವರ್ಷ ಕಳೆದ ನಾನು ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಇಲ್ಲಿಗೆ ಬಂದ ಮೇಲೆ ನಮ್ಮ ಕಡೆಯವರ ಊರಿನ ಮನೆಗಳು ವರ್ಷದಿಂದ ವರ್ಷಕ್ಕೆ ತಾವಾಗಿಯೇ ಬೆಳೆಯುತ್ತವೆ. ಎರಡು ಕೋಣೆಯ ಮನೆಗೆ ಉಪ್ಪರಿಗೆ ಬರುತ್ತದೆ, ಪಟೇಲರ ಮನೆಯಲ್ಲಿ ಕೆಲಸಕ್ಕಿದ್ದ ಅಜ್ಜ ಸ್ವತಃ ಪಟೇಲರಾಗುತ್ತಾರೆ. ನನಗೆ ಆ ದಾರಿ ಮುಚ್ಚಿತ್ತು. ನನ್ನ ಹೆಂಡತಿ ಪ್ರಮೀಳಾ ನಮ್ಮೂರಿನವಳೇ. ಉಪ್ಪರಿಗೆ ಕಟ್ಟಿದರೆ ಅಲ್ಲಿಯೇ ಬೀಳಿಸುವವಳು. ಹಾಗಾಗಿ ಅವಳಿಲ್ಲದ ಕಡೆ, ಅಂದರೆ ಆಫೀಸಿನಲ್ಲಿ, ಒಂದು ಮಧ್ಯಾಹ್ನ ಊಟದ ಹೊತ್ತಿಗೆ, ನಾನು ಹರೆಯದಲ್ಲಿ ಮೂರು ಕಾಡುಹಂದಿ ಹೊಡೆದಿದ್ದೇನೆ ಎಂದುಬಿಟ್ಟೆ. ಅದರಿಂದ ಏನೇನಾಯಿತು ಎಂದು ಹೇಳಲು ಈಗಲೂ ಮುಖ ಬಿಸಿಯಾಗುತ್ತದೆ. ಆದರೂ ಹೇಳುತ್ತೇನೆ, ಕೇಳಬೇಕಾದವನಿಗೆ ಕನ್ನಡ ಬರುವುದಿಲ್ಲ ಎಂಬುದೊಂದೇ ಧೈರ್ಯ.

ನಾನು ಕಟ್ಟಡ ಸಾಮಗ್ರಿಯ ಕಂಪನಿಯೊಂದರಲ್ಲಿ ಪರ್ಚೇಸ್ ವಿಭಾಗದವನು. ನನ್ನ ಎದುರಿನ ಮೇಜು ಖಲ್ಫಾನನದ್ದು. ಅವನು ಒಮಾನಿ, ಸಮಾಯಿಲ್‌ನಿಂದ ಒಳಗೆ ಬೆಟ್ಟದ ಬುಡದ ಹಳ್ಳಿಯವನು, ನಮ್ಮ ವೀಸಾ, ಲೇಬರ್ ಕಾರ್ಡುಗಳ ಕೆಲಸಕ್ಕೆಲ್ಲ ಸರ್ಕಾರಿ ಕಚೇರಿಗಳಿಗೆ ಓಡಾಡುವವನು. ಅವನ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿದೆ. ಅಂದು ಅವನು ಊಟ ಮಾಡುತ್ತಾ ಮೊಬೈಲಿನಲ್ಲಿ ತಮ್ಮ ಊರಿನ ಮದುವೆಯ ವೀಡಿಯೋ ತೋರಿಸಿದ. ಗಂಡಸರು ಸಾಲಾಗಿ ನಿಂತು ಹಾಡುತ್ತಿದ್ದರು, ಆಮೇಲೆ ಎದುರಿನ ಗುಡ್ಡದ ಮೇಲಿಟ್ಟ ಬಿಳಿ ಕಲ್ಲಿಗೆ ಸರದಿಯಲ್ಲಿ ಗುರಿಯಿಟ್ಟು ಹೊಡೆಯುತ್ತಿದ್ದರು. "ನಿಮ್ಮ ಕಡೆ ಇಂಥದ್ದೆಲ್ಲ ಇಲ್ಲ ಅಲ್ಲವಾ?" ಎಂದ. ಅವನು ಸುಮ್ಮನೆ ಕೇಳಿದ್ದು. ಆದರೆ "ಇಲ್ಲ ಅಲ್ಲವಾ" ಎಂದು ಕೇಳಿದರೆ ನನಗೆ ತಡೆಯುವುದಿಲ್ಲ. ನಮ್ಮ ಮನೆಯಲ್ಲೂ ಕೋವಿ ಇತ್ತು ಎಂದೆ. ಅಷ್ಟು ನಿಜವೇ. "ನೀನು ಹೊಡೆದಿದ್ದೀಯಾ?" ಎಂದ. ಮೂರು ಎಂದೆ. ಏನು ಮೂರು ಎಂದು ಅವನು ಕೇಳಿದಾಗ ಹಂದಿ ಎನ್ನಬೇಕಾಯಿತು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ, ಊಟದ ಹೊತ್ತಿಗೆ ಮುಸಲ್ಮಾನನ ಎದುರು ಹಂದಿಯ ಹೆಸರೆತ್ತಿದೆನಲ್ಲಾ ಎಂದು. ಆದರೆ ಅವನು ಚಮಚ ಕೆಳಗಿಟ್ಟು ನನ್ನ ಕೈ ಕುಲುಕಿದ. ಬೆಳೆ ತಿನ್ನುವ ಮೂರು ಹಂದಿಗಳನ್ನು ಖಲಾಸ್ ಮಾಡಿದವನು ಅವನ ಲೆಕ್ಕದಲ್ಲಿ ಪುಣ್ಯದ ಕೆಲಸ ಮಾಡಿದವನು. ಸಂಜೆಯ ಹೊತ್ತಿಗೆ ಡ್ರೈವರಿನಿಂದ ಜನರಲ್ ಮ್ಯಾನೇಜರ್‌ವರೆಗೆ ಎಲ್ಲರೂ ನನ್ನನ್ನು 'ಸಯ್ಯಾದ್' ಎಂದು ಕರೆಯತೊಡಗಿದರು, ಬೇಟೆಗಾರ ಎಂದು.

ನಮ್ಮ ಮನೆಯ ಕೋವಿಯ ವಿಷಯ ಇಷ್ಟೇ. ಅದು ದೊಡ್ಡಪ್ಪನದ್ದು, ಬೆಳೆ ರಕ್ಷಣೆಗೆಂದು ಲೈಸೆನ್ಸ್ ಸಿಕ್ಕಿದ ಒಂಟಿ ನಳಿಗೆಯ ಕೋವಿ. ಅದರಿಂದ ಅವರು ಮಂಗಗಳನ್ನು ಹೆದರಿಸುತ್ತಿದ್ದರು. ಮಂಗಗಳು ಮೊದಮೊದಲು ಹೆದರುತ್ತಿದ್ದವು, ಆಮೇಲಾಮೇಲೆ ಸದ್ದು ಕೇಳಿದರೆ ಇವರು ಮನೆಯಲ್ಲಿದ್ದಾರೆ ಎಂದಷ್ಟೇ ತಿಳಿದುಕೊಂಡು ಹೋಗುತ್ತಿದ್ದವು. ಕೋವಿಗೂ ನನಗೂ ಇದ್ದ ಸಂಬಂಧ ಚುನಾವಣೆಯದ್ದು. ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಹೋಗಿ ತರಬೇಕು. ದೊಡ್ಡಪ್ಪನಿಗೆ ಸೊಂಟನೋವು. ಅವರು ಮುಂದೆ ಲೈಸೆನ್ಸ್ ಪುಸ್ತಕ ಹಿಡಿದು ನಡೆದರೆ ನಾನು ಹಿಂದೆ ಹೂವಿನ ಚಿತ್ರದ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕೋವಿಯನ್ನು ಹೊತ್ತು ಬಸ್ಸು ಹತ್ತುತ್ತಿದ್ದೆ. ಪಂಚಾಯತಿ, ವಿಧಾನಸಭೆ, ಲೋಕಸಭೆ ಎಂದು ಸರ್ಕಾರಗಳು ಬಿದ್ದಷ್ಟೂ ನನ್ನ ಅನುಭವ ಹೆಚ್ಚುತ್ತಾ ಹೋಯಿತು. ಠಾಣೆಯ ಜಗಲಿಯಲ್ಲಿ ನನ್ನ ಹಾಗೆಯೇ ಬೆಡ್‌ಶೀಟು ಹಿಡಿದವರ ಸಾಲು ಇರುತ್ತಿತ್ತು. ಕೋವಿಗೆ ಚೀಟಿ ಕಟ್ಟುವುದು ಹೇಗೆ, ರಶೀದಿಯಲ್ಲಿ ಏನು ನೋಡಿಕೊಳ್ಳಬೇಕು ಎಂದು ಕೇಳಿದರೆ ಈಗಲೂ ನಿದ್ದೆಯಲ್ಲಿ ಹೇಳಬಲ್ಲೆ. ಅದರ ಕುದುರೆಯನ್ನು ಮಾತ್ರ ಒಮ್ಮೆಯೂ ಎಳೆದು ಗುಂಡು ಹಾರಿಸಿದವನಲ್ಲ.

ಎರಡು ತಿಂಗಳು ಬೇಟೆಗಾರನಾಗಿ ಸುಖವಾಗಿದ್ದೆ. ಆಮೇಲೆ ಒಂದು ಬೆಳಿಗ್ಗೆ ಖಲ್ಫಾನ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತ. ಅವನ ಮಗನ ಮದುವೆ ನಿಶ್ಚಯವಾಗಿತ್ತು. ಅವನ ತಂದೆ ಹಮೂದ್ ಆ ಸುತ್ತಿನಲ್ಲೆಲ್ಲ ಹೆಸರಾದ ಗುರಿಗಾರ. ಬೇಟೆಗೆ ನಿಷೇಧ ಬರುವ ಮೊದಲಿನ ಕಾಲದ ಭಾರದ ರೈಫಲ್ಲು ಒಂದಿದೆ, ಅದರಲ್ಲಿ ಹೊಡೆದರೆ ಬಿಳಿ ಕಲ್ಲು ಪುಡಿಯಾಗುತ್ತಿತ್ತಂತೆ. ಈಗ ಎಂಬತ್ತರ ಹತ್ತಿರದ ಮುದುಕರು, ಮೂರು ವರ್ಷಗಳಿಂದ ಕೋವಿ ಮುಟ್ಟಿಲ್ಲ. ಕಣ್ಣು ಸ್ವಲ್ಪ ಮಂದವಾಗಿದೆ ಎನ್ನುತ್ತಾರೆ. "ಮೊಮ್ಮಗನ ಮದುವೆಯಲ್ಲಿ ಬಾಪ ಒಂದೇ ಒಂದು ಗುಂಡು ಹೊಡೆಯಬೇಕು. ಹಮೂದ್ ಮುಗಿದ ಎಂದು ಕೆಲವರು ಹೇಳುತ್ತಿದ್ದಾರೆ. ನನಗೆ ಅದನ್ನು ಕೇಳಲಾಗುವುದಿಲ್ಲ" ಎಂದ ಖಲ್ಫಾನ್. ಅದಕ್ಕೆ ಕೋವಿಯ ಮೇಲೆ ಒಂದು ದರ್ಬೀಲ್ ಕೂರಿಸಬೇಕು, ಹೊಸದು ಸಿಗುವುದು ಕಷ್ಟ, ಸೆಕೆಂಡ್ ಹ್ಯಾಂಡ್ ಇದೆ, ನೀನು ಬಂದು ಆರಿಸಿಕೊಡು ಎಂದು ಕೇಳಿದ. ದರ್ಬೀಲ್ ಎಂದರೆ ನಮ್ಮ ದುರ್ಬೀನೇ. ಇನ್ನೊಂದು ಪ್ರಶ್ನೆಯೂ ಇತ್ತು. ಅವನ ದಾಯಾದಿಯ ಹತ್ತಿರ ಹಗುರವಾದ, ಹೆಗಲಿಗೆ ಒದೆಯದ ಸಣ್ಣ ರೈಫಲ್ಲಿದೆ. ಮುದುಕರಿಗೆ ಅದನ್ನು ಕೊಡುವುದೋ ಹಳೆಯದೇ ಇರಲೋ? ನಾನು ಕಣ್ಣು ಅರ್ಧ ಮುಚ್ಚಿ, "ಕೈ ಬಲ್ಲ ಕೋವಿಯನ್ನು ಬದಲಾಯಿಸಬಾರದು" ಎಂದೆ. ದೊಡ್ಡಪ್ಪ ತಮ್ಮ ಹಳೆಯ ಸೈಕಲ್ಲಿನ ಬಗ್ಗೆ ಹಾಗೆ ಹೇಳುತ್ತಿದ್ದರು. ಖಲ್ಫಾನನ ಕಣ್ಣಿನಲ್ಲಿ ನೀರು ಬಂತು.

ಮನೆಗೆ ಬಂದು ಪ್ರಮೀಳಾಳಿಗೆ ಹೇಳಲೇಬೇಕಾಯಿತು. ಅವಳು ಮದೀನತ್ ಸುಲ್ತಾನ್ ಖಾಬೂಸಿನ ಒಂದು ಶಾಲೆಯಲ್ಲಿ ಟೀಚರು. ಸುಳ್ಳು ಹೇಳುವವರನ್ನು ದಿನಾಲೂ ನೋಡುವವಳು. "ನಿಮಗೆ ಮಂಡೆ ಸಮ ಉಂಟಾ? ಮನೆಯಲ್ಲಿ ಜಿರಳೆ ಬಂದ್ರೆ ನನ್ನನ್ನು ಕರೀತೀರಿ, ಹಂದಿ ಹೊಡೆದದ್ದಂತೆ! ನಾಳೆಯೇ ಹೋಗಿ ನಿಜ ಹೇಳಿ ಮಾರಾಯ್ರೆ" ಎಂದಳು. ಮಗಳು ಪುಸ್ತಕದಿಂದ ತಲೆಯೆತ್ತದೆ, "ಡ್ಯಾಡ್, ಜಸ್ಟ್ ಸೇ ಸಾರಿ" ಎಂದಳು. ಶುಕ್ರವಾರ ಅಲ್ ಮವಾಲೇಹ್‌ನ ಮಾರ್ಕೆಟ್ಟಿಗೆ ಹೋದಾಗ ಇನ್ನೂ ಒಂದು ಅವಕಾಶ ಸಿಕ್ಕಿತು. ಅಲ್ಲಿ ತರಕಾರಿ ವ್ಯಾಪಾರ ಮಾಡುವ ಮೊಯ್ದಿನಾಕ ನಮ್ಮ ಪಕ್ಕದ ಊರಿನ ಬ್ಯಾರಿ. ಇಡೀ ಒಮಾನಿನಲ್ಲಿ ಪ್ರಮೀಳಾಳನ್ನು ಬಿಟ್ಟರೆ ನನ್ನ ಏಕೈಕ ಸಾಕ್ಷಿ. ಸಂಗತಿಯೆಲ್ಲ ಹೇಳಿ, ಕೋವಿಯ ದುರ್ಬೀನಿನ ಬಗ್ಗೆ ಏನಾದರೂ ಗೊತ್ತಾ ಎಂದು ನಾನು ಮೆಲ್ಲನೆ ಕೇಳಿದರೆ ಅವರು ತಕ್ಕಡಿ ಕೆಳಗಿಟ್ಟು ನಕ್ಕರು. "ಎಂತ ಮಾರಾಯ್ರೆ, ನಿಮ್ಮ ದೊಡ್ಡಪ್ಪನ ಬೆಡಿಯಾ? ಸ್ಟೇಷನ್ನಿಗೆ ಹೋಗಿ ಬಂದದ್ದು ಬಿಟ್ರೆ ಅದು ಬೇರೆ ಎಂತ ಕೆಲಸ ಮಾಡಿದೆ? ನೋಡಿ, ಗೊತ್ತಿಲ್ಲದ್ದಕ್ಕೆ ಕೈ ಹಾಕ್ಬೇಡಿ, ವಯಸ್ಸಾದವರ ವಿಷಯ ಅದು" ಎಂದರು. ಬೆಡಿ ಎಂದರೆ ನಮ್ಮ ಕಡೆ ಕೋವಿ. ಇಷ್ಟು ಜನ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲಾದರೂ ಮನುಷ್ಯನಾದವನು ಸುಮ್ಮನಿರಬೇಕಿತ್ತು.

ನಾನು ಸುಮ್ಮನಿರಲಿಲ್ಲ, ತುಲನಾ ಪಟ್ಟಿ ಮಾಡಿದೆ. ನಮ್ಮ ವಿಭಾಗದಲ್ಲಿ ಮೊಳೆ ಕೊಳ್ಳುವುದಕ್ಕೂ ಕ್ರೇನು ಕೊಳ್ಳುವುದಕ್ಕೂ ಅದೊಂದೇ ದಾರಿ. ಮಾಲುಗಳನ್ನು ಅಡ್ಡಕ್ಕೆ, ಗುಣಗಳನ್ನು ಉದ್ದಕ್ಕೆ ಬರೆದು ನಡುವಿನ ಚೌಕಗಳನ್ನು ತುಂಬಿಸಿದರೆ ಉತ್ತರ ತಾನಾಗಿ ಬರುತ್ತದೆ. ಅಲ್ ಅಮೇರಾತಿನಲ್ಲಿ ಒಬ್ಬ ನಿವೃತ್ತ ಸೈನಿಕನ ಹತ್ತಿರ ಎರಡು ಹಳೆಯ ದುರ್ಬೀನುಗಳಿದ್ದವು. ಖಲ್ಫಾನ್ ಅವುಗಳ ವಿವರ ತಂದುಕೊಟ್ಟ, ನಾನು ಅಂತರ್ಜಾಲ ನೋಡಿ ಪಟ್ಟಿ ತುಂಬಿಸಿದೆ. ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಗಾಜಿನ ಅಗಲ ಎಷ್ಟು, ತೂಕ ಎಷ್ಟು, ಗೀರು ಇದೆಯೋ. ಐ ರಿಲೀಫ್ ಎಂಬ ಒಂದು ಸಾಲು ಮಾತ್ರ ಏನೆಂದು ಅರ್ಥವಾಗಲಿಲ್ಲ. ಅರ್ಥವಾಗದ ಸಾಲಿಗೆ ನಮ್ಮಲ್ಲಿ 'ಸ್ಟ್ಯಾಂಡರ್ಡ್' ಎಂದು ಬರೆಯುವ ರೂಢಿಯಿದೆ. ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಅದನ್ನು ಪ್ರಶ್ನಿಸಿದ್ದಿಲ್ಲ. ಮೇಲಿನವರಿಗೂ ಆ ಸಾಲು ಅರ್ಥವಾಗಿರುವುದಿಲ್ಲವಾದ್ದರಿಂದ ಅವರು ಸಮಾಧಾನದಿಂದ ಸಹಿ ಹಾಕುತ್ತಾರೆ. ಎರಡಕ್ಕೂ ಸ್ಟ್ಯಾಂಡರ್ಡ್ ಎಂದು ಬರೆದೆ. ಹೊಡೆಯುವಾಗ ಕಣ್ಣು ಗಾಜಿನಿಂದ ಎಷ್ಟು ದೂರ ಇರಬಹುದು ಎಂಬುದು ಆ ಸಾಲಿನ ಅರ್ಥ ಎಂದು ನನಗೆ ಗೊತ್ತಾದದ್ದು ಆಮೇಲೆ.

ಅಲ್ ಅಮೇರಾತಿನ ಆ ಮನೆಯಲ್ಲಿ ಮೊದಲು ಖರ್ಜೂರ, ಆಮೇಲೆ ಕಾಫಿ, ಆಮೇಲೆ ದುರ್ಬೀನುಗಳು ಬಂದವು. ಹೊರದೇಶದವರು ಇಲ್ಲಿ ಕೋವಿ ಮುಟ್ಟುವಂತಿಲ್ಲ, ಲೈಸೆನ್ಸ್ ಮುದುಕರದ್ದು ಎಂಬ ಕಾನೂನು ನನ್ನನ್ನು ಕೋವಿಯಿಂದ ಕಾಪಾಡಿತ್ತು. ದುರ್ಬೀನಿನಿಂದ ಕಾಪಾಡುವ ಕಾನೂನು ಇರಲಿಲ್ಲ. ದೊಡ್ಡದನ್ನು ಎತ್ತಿ ಕನ್ನಡಕಕ್ಕೆ ಒತ್ತಿಹಿಡಿದು ಕಿಟಕಿಯಿಂದ ನೋಡಿದೆ. ದೂರದ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ತುಕ್ಕು ಕಾಣಿಸಿತು, ಗುಡ್ಡದ ಮೇಲಿದ್ದ ಆಡಿನ ಗಡ್ಡ ಕಾಣಿಸಿತು. ಆಡು ಏನೋ ಜಗಿಯುತ್ತಾ ನನ್ನನ್ನೇ ನೋಡುತ್ತಿತ್ತು. "ಇದೇ" ಎಂದೆ. ಆ ಸೈನಿಕ ತಲೆಯಾಡಿಸಿ ಖಲ್ಫಾನನಿಗೆ ಅರಬ್ಬಿಯಲ್ಲಿ ಬಹಳ ಹೊತ್ತು ಹೇಳಿದ. ಖಲ್ಫಾನ್ ನನಗೆ ಹಿಂದಿಯಲ್ಲಿ ಹೇಳಿದ: "ಇದು ಸಣ್ಣ ರೈಫಲ್ಲಿಗೆ ಮಾತ್ರ, ಒದೆಯುವ ಕೋವಿಗೆ ಬೇಡ, ಆ ಇನ್ನೊಂದನ್ನು ತೆಗೆದುಕೊಳ್ಳಿ ಅನ್ನುತ್ತಿದ್ದಾನೆ." ಆ ಇನ್ನೊಂದು ದುಬಾರಿಯದ್ದು. ನನ್ನೊಳಗಿನ ಪರ್ಚೇಸ್ ವಿಭಾಗ ಎಚ್ಚರವಾಯಿತು. ಮಾರುವವನು ತಾನಾಗಿ ದುಬಾರಿ ಮಾಲು ತೋರಿಸಿದರೆ ಅದು ತಂತ್ರವೇ ಎಂದು ಇಷ್ಟು ವರ್ಷ ನಂಬಿ ಬಂದವನು ನಾನು. ಖಲ್ಫಾನನ ಕಿವಿಯಲ್ಲಿ, "ಇದು ಸೇಲ್ಸಿನವರ ಹಳೆಯ ಆಟ, ಬಲೆಗೆ ಬೀಳಬೇಡ" ಎಂದೆ. ಆ ಮನುಷ್ಯ ನಿಜ ಹೇಳುತ್ತಿದ್ದ. ಹೋಗುವಾಗ ನಮಗೆ ಒಂದು ಡಬ್ಬಿ ಹಲ್ವಾ ಕೂಡ ಕೊಟ್ಟ. ಅದನ್ನೂ ತಂತ್ರವೆಂದೇ ತಿಳಿದು ತಿಂದೆ.

ಮದುವೆಯ ದಿನ ಸಂಜೆಯ ನಮಾಜಿಗೆ ಮುಂಚೆ, ಬಿಸಿಲು ಇಳಿಯತೊಡಗಿದಾಗ, ಹಳ್ಳಿಯ ಹೊರಗಿನ ಬಯಲಿನಲ್ಲಿ ಜನ ಸೇರಿದರು. ಪೊಲೀಸರ ಅನುಮತಿ ಪಡೆದು, ಎದುರಿನ ಬರಡು ಗುಡ್ಡದ ಮೇಲೆ ಬಿಳಿ ಕಲ್ಲು ಇಟ್ಟಾಗಿತ್ತು. ಹಮೂದ್ ಅವರನ್ನು ನಾನು ನೋಡಿದ್ದು ಅಂದೇ ಮೊದಲು. ಸಣಕಲು ಮನುಷ್ಯ, ಬೆನ್ನು ನೇರ, ಅಚ್ಚ ಬಿಳಿ ನಿಲುವಂಗಿ, ತಲೆಗೆ ಸುತ್ತಿದ ನೇರಳೆ ಅಂಚಿನ ವಸ್ತ್ರ. ಮೊಮ್ಮಗ ಅವರ ಕೈಹಿಡಿದು ಜಮಖಾನೆಯ ಮೇಲೆ ಕೂರಿಸಿದ, ಮರಳಿನ ಚೀಲದ ಮೇಲೆ ಕೋವಿಯಿಟ್ಟ. ಡೋಲು ನಿಂತಿತು. ಮುದುಕರು ಬಗ್ಗಿ ದುರ್ಬೀನಿಗೆ ಕಣ್ಣಿಟ್ಟರು. ನಾನು ಇಟ್ಟ ಹಾಗೆಯೇ, ಒತ್ತಿ. ಖಲ್ಫಾನ್ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದ. ಗುಂಡು ಹಾರಿತು, ಕೋವಿ ಹಿಂದಕ್ಕೆ ಒದೆಯಿತು, ದುರ್ಬೀನಿನ ಅಂಚು ಅವರ ಹುಬ್ಬಿಗೆ ಬಡಿಯಿತು. ಗುಡ್ಡದ ಮೇಲೆ ಕಲ್ಲು ಹಾಗೆಯೇ ಇತ್ತು, ಬಹಳ ಆಚೆ ಎಲ್ಲಿಯೋ ಧೂಳೆದ್ದಿತು. ಮುದುಕರ ಹುಬ್ಬಿನ ಮೇಲೆ ಅರ್ಧಚಂದ್ರದ ಹಾಗೆ ಗಾಯವಾಗಿ ರಕ್ತ ಬಿಳಿ ನಿಲುವಂಗಿಗೆ ಇಳಿಯಿತು.

ಖಲ್ಫಾನನ ಚಿಕ್ಕಪ್ಪ ಒಬ್ಬರು, ದಪ್ಪ ದನಿಯವರು, ದುರ್ಬೀನನ್ನು ಬೆರಳಿನಿಂದ ತಟ್ಟಿ, "ಯಾರು ಆರಿಸಿದ್ದು ಇದನ್ನು?" ಎಂದು ಅರಬ್ಬಿಯಲ್ಲಿ ಕೇಳಿದರು. ಅಷ್ಟು ಅರಬ್ಬಿ ನನಗೆ ಬರುತ್ತದೆ. ಬಾಯಿ ತೆರೆದೆ. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. "ನಾನು" ಎಂದ ಖಲ್ಫಾನ್. ಅತಿಥಿಯ ತಲೆ ತಗ್ಗಿಸುವುದು ಅವರಲ್ಲಿ ದೊಡ್ಡ ಐಬು. ಚಿಕ್ಕಪ್ಪ ಅವನನ್ನು ಅವನ ಮಗನ ಮದುವೆಯ ದಿನ, ಅವನ ಊರಿನವರ ಎದುರು ಬೈದರು. ಅವನು ತಲೆತಗ್ಗಿಸಿ ಕೇಳಿಸಿಕೊಂಡ. ಅವನ ಪಕ್ಕದಲ್ಲಿ ನಾನು, ಮೂರು ಹಂದಿ ಹೊಡೆದ ವೀರ, ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತಿದ್ದೆ. ನನ್ನ ಜೀವನದಲ್ಲಿ ಅಷ್ಟು ನಾಚಿಕೆಯಾದದ್ದು ಬೇರೆ ಯಾವತ್ತೂ ಇಲ್ಲ. ಹೆಂಗಸರ ಕಡೆಯಿಂದ ಪ್ರಮೀಳಾ ನೋಡುತ್ತಿದ್ದಾಳೆ ಎಂದು ಗೊತ್ತಿತ್ತು, ಆ ಕಡೆ ತಿರುಗಲಿಲ್ಲ.

ಮುದುಕರನ್ನು ಒಳಗೆ ಕರೆದೊಯ್ದು ಪಟ್ಟಿ ಕಟ್ಟಿದರು. ಎಲ್ಲರೂ ಊಟದ ಏರ್ಪಾಡಿಗೆ ಹೊರಗೆ ಹೋದ ಮೇಲೆ ನಾನು ಅವರ ಎದುರು ನೆಲದ ಮೇಲೆ ಕೂತೆ. ಹರೆಯದಲ್ಲಿ ಅವರು ಮತ್ರಾ ಬಂದರಿನಲ್ಲಿ ಮುಂಬೈಯ ಹಡಗುಗಳ ಮಾಲು ಇಳಿಸುತ್ತಿದ್ದರಂತೆ, ಹಿಂದಿ ಬರುತ್ತಿತ್ತು. ಹೇಳಿಬಿಟ್ಟೆ. ದರ್ಬೀಲ್ ಆರಿಸಿದ್ದು ನಾನು, ಹಳೆಯ ಕೋವಿಯೇ ಇರಲಿ ಎಂದದ್ದೂ ನಾನು. ನಾನು ಬೇಟೆಗಾರನಲ್ಲ, ಕೋವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಹೊತ್ತದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಅವರು ಪೂರ್ತಿ ಕೇಳಿ, "ಹಂದಿ?" ಎಂದರು. ಒಂದೂ ಇಲ್ಲ ಎಂದೆ. "ಒಂದೂ ಇಲ್ಲವಾ!" ಎಂದು ನಗತೊಡಗಿದರು, ಹುಬ್ಬು ನೋಯುತ್ತದೆ ಎಂದು ಪಟ್ಟಿಯನ್ನು ಒತ್ತಿಹಿಡಿದುಕೊಂಡು ನಕ್ಕರು.

ಆಮೇಲೆ ಬಾಗಿಲ ಕಡೆ ತಲೆ ತಿರುಗಿಸಿ ಸದ್ದು ಕೇಳಿಸಿಕೊಂಡು, ಯಾರೂ ಇಲ್ಲವೆಂದು ಗೊತ್ತಾದ ಮೇಲೆ ಮೆಲ್ಲನೆ ಹೇಳಿದರು. "ನನಗೆ ಕಲ್ಲು ಕಾಣಲೇ ಇಲ್ಲ. ಗುಡ್ಡವೂ ಕಾಣಲಿಲ್ಲ. ಎಲ್ಲ ಬೆಳ್ಳಗೆ. ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು, ನೆರೆಯವನ ಜೊತೆ ಹೋಗಿದ್ದೆ, ಮಗನಿಗೆ ಹೇಳಿಲ್ಲ. ಹೇಳಿದರೆ ನಾಳೆಯಿಂದ ಎಲ್ಲರೂ ನನ್ನನ್ನು ಕೈಹಿಡಿದು ನಡೆಸುತ್ತಾರೆ. ಮೊಮ್ಮಗ ಬಂದು ಹೊಡಿ ಎಂದಾಗ ಆಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ." ಪಟ್ಟಿಯನ್ನು ಸರಿಮಾಡಿಕೊಂಡು ಮುಂದುವರಿಸಿದರು. "ಈಗ ಹೊರಗೆ ಯಾರೂ ಹಮೂದನ ಕಣ್ಣು ಹೋಯಿತು ಅನ್ನುತ್ತಿಲ್ಲ. ದರ್ಬೀಲ್ ಕೆಟ್ಟದ್ದು ಅನ್ನುತ್ತಿದ್ದಾರೆ. ಒಳ್ಳೆಯದನ್ನು ಆರಿಸಿದ್ದರೆ ನನ್ನ ಮಾನ ಹೋಗುತ್ತಿತ್ತು. ನೀನು ಬೇಟೆಗಾರನೇ ಆಗಿರು. ಅಲ್ಲ ಎಂದು ಖಲ್ಫಾನನಿಗೆ ಗೊತ್ತಾದರೆ ಅವನು ನಿಜವಾಗಿ ಗೊತ್ತಿರುವವನನ್ನು ಹುಡುಕಿ ಕರೆತರುತ್ತಾನೆ." ನನ್ನ ಕೈಯನ್ನು ತಡವಿ ಹುಡುಕಿ ಹಿಡಿದುಕೊಂಡರು. ನಾನು ಒಪ್ಪಿದೆ.

ಹೊರಗೆ ಬಂದು ಚಿಕ್ಕಪ್ಪನ ಮುಂದೆ ನಿಂತು, ದರ್ಬೀಲ್ ಆರಿಸಿದ್ದು ನಾನು ಎಂದೆ. ಅಷ್ಟಾದರೂ ಖಲ್ಫಾನನಿಗೆ ನಾನು ಕೊಡಬೇಕಾಗಿತ್ತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಾಂಸದ ತಟ್ಟೆಯನ್ನು ನನ್ನ ಕಡೆ ಸರಿಸಿ, ತಿನ್ನು ಎಂದರು. ನಾನು ಸಸ್ಯಾಹಾರಿ ಎಂದು ಹೇಳುವ ಸಂದರ್ಭ ಅದಾಗಿರಲಿಲ್ಲ, ಅನ್ನ ಮಾತ್ರ ಬೆರಳಿನಿಂದ ಆರಿಸಿ ತಿಂದೆ. ಬೇಟೆಗಾರ ಅನ್ನ ಮಾತ್ರ ತಿನ್ನುವುದನ್ನು ಅವರು ಕಡೆಯವರೆಗೂ ನೋಡುತ್ತಿದ್ದರು.

ಮುಂದಿನ ವಾರವೇ ಖಲ್ಫಾನ್ ಶುರುಮಾಡಿದ. ಈದ್‌ಗೆ ಊರಿನಲ್ಲಿ ಮತ್ತೆ ಗುರಿಯಾಟವಿದೆ, ಅಲ್ ಅಮೇರಾತಿನ ಆ ಇನ್ನೊಂದು ದರ್ಬೀಲ್ ತಂದುಬಿಡೋಣ, ಬಾಪ ಈ ಸಲ ಹೊಡೆದೇ ಹೊಡೆಯುತ್ತಾನೆ ಎಂದ. ನನ್ನಿಂದಾದ ತಪ್ಪು, ನಾನೇ ಸರಿಮಾಡುತ್ತೇನೆ, ನನಗೇ ಬಿಡು ಎಂದು ಬೇಡಿಕೊಂಡೆ. ಒಂದು ಮಾಲು ಬರದಂತೆ ನೋಡಿಕೊಳ್ಳುವ ವಿದ್ಯೆ ಪರ್ಚೇಸ್ ವಿಭಾಗದವನಿಗಿಂತ ಚೆನ್ನಾಗಿ ಯಾರಿಗೂ ಬರುವುದಿಲ್ಲ. ಒಮ್ಮೆ ಗಾಜಿನಲ್ಲಿ ಬೂಸ್ಟು ಹಿಡಿದಿರಬಹುದು ಎಂದೆ. ಇನ್ನೊಮ್ಮೆ ಅದನ್ನು ಕೋವಿಯ ಮೇಲೆ ಕೂರಿಸುವ ಬಳೆಯ ಅಳತೆ ಹೊಂದುವುದಿಲ್ಲ ಎಂದೆ. ಒಂದು ಈದ್ ಕಳೆಯಿತು, ಇನ್ನೊಂದೂ ಕಳೆಯಿತು. ಈ ನಡುವೆ, ನಿಜ ಹೇಳುತ್ತೇನೆ, ನಾನು ದುರ್ಬೀನುಗಳ ಬಗ್ಗೆ ಸಾಕಷ್ಟು ಓದಿಕೊಂಡಿದ್ದೇನೆ. ಈಗ ಯಾರಾದರೂ ಕೇಳಿದರೆ ಒಳ್ಳೆಯದನ್ನೇ ಆರಿಸಿಕೊಡಬಲ್ಲೆ. ಕೇಳುವವರಿಲ್ಲ. ಆಫೀಸಿನಲ್ಲಿ ಪೆನ್ನು ತರಿಸುವುದಕ್ಕೂ ಈಗ ನನ್ನ ಆಯ್ಕೆ ನಂಬುವುದಿಲ್ಲ, ಹುಬ್ಬು ಮುಟ್ಟಿಕೊಂಡು ನಗುತ್ತಾರೆ.

ಮೊನ್ನೆ ಖಲ್ಫಾನ್ ಕುರ್ಚಿ ಎಳೆದುಕೊಂಡು ಮತ್ತೆ ಹತ್ತಿರ ಬಂದ. ಈ ಸಲ ದನಿ ತಗ್ಗಿಸಿದ್ದ, ಬೇರೆಯವರಿಗೆ ಕೇಳಬಾರದೆಂದು. "ದೋಸ್ತ್, ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಇದರ ಬಗ್ಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳು. ಅದರಲ್ಲಿ ಐಬು ಏನೂ ಇಲ್ಲ. ನಾನು ಯಾರಿಗೂ ಹೇಳುವುದಿಲ್ಲ" ಎಂದ. ಅವನ ಮುಖದಲ್ಲಿ ಅಷ್ಟೊಂದು ಒಳ್ಳೆಯತನವಿತ್ತು. ಮುದುಕರಿಗೆ ಮಾತು ಕೊಟ್ಟಿರದಿದ್ದರೆ ಅವನ ಕಾಲು ಹಿಡಿದು ನಿಜ ಹೇಳುತ್ತಿದ್ದೆನೇನೋ. ಬೆನ್ನು ನೇರ ಮಾಡಿ ಕೂತು, "ಗೊತ್ತಿಲ್ಲವಾ? ನನಗಾ?" ಎಂದೆ. ಅವನು ನಿಟ್ಟುಸಿರು ಬಿಟ್ಟು ಎದ್ದುಹೋದ. ಮುದುಕರ ಮಾನ ಉಳಿಸಲು ಹಾಗೆ ಹೇಳಿದೆ ಎಂದು ಮನೆಗೆ ಬಂದು ಪ್ರಮೀಳಾಳಿಗೆ ವಿವರಿಸಿದೆ. ಅವಳು "ಹೇಳುವಾಗ ಖುಷಿ ಆಯ್ತಾ?" ಎಂದು ಕೇಳಿದಳು. ಆಗಿತ್ತು.